ಮುಂಗುಸಿಯನ್ನು ಮೇಲಕ್ಕೆ ತಂದ ಮಧ್ಯಾಹ್ನ

ಟಿವಿ ಗೇಮನ್ನು ಅರ್ಧಕ್ಕೆ ಬಿಟ್ಟು ಎದ್ದರೆ ಅದು ಹೋಯಿತೆಂದೇ ಲೆಕ್ಕ, ನಾಳೆ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಅಂಥ ಕಾಲ ಅದು. ಕರೆಂಟು ಹೋದರೂ ಅಷ್ಟೆ, ಯಾರಾದರೂ ವೈರು ಎಡವಿದರೂ ಅಷ್ಟೆ. ತೊಂಬತ್ತರ ದಶಕದ ಬೇಸಿಗೆ ರಜೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, ಮೆಷಿನ್ನಿಗೆ ತುರುಕಿ, ಚಿತ್ರ ಬರುವ ತನಕ ಉಸಿರು ಹಿಡಿದು ಕೂತವರು ನೀವೂ ಇರುತ್ತೀರಿ.

ಈಗ ಆ ಹಳೇ ಆಟಗಳನ್ನೆಲ್ಲ ಹೊಸ ಮೆಷಿನ್ನುಗಳಿಗೆ ಮತ್ತೆ ತರುತ್ತಿದ್ದಾರೆ. ತರಬೇಕೋ ಬೇಡವೋ ಎಂದು ತಲೆ ನರೆತವರೇ ಕೂತು ಜಗಳವಾಡುತ್ತಾರಂತೆ. ನಮ್ಮ ಮನೆಯಲ್ಲೂ ಆ ಜಗಳ ಆಯಿತು. ನಾನು ಯಾವ ಕಡೆ ಎಂದು ಹೇಳುವುದಕ್ಕೆ ಮೊದಲು ಒಂದು ಬೇಸಿಗೆಯ ವಿಷಯ ಹೇಳಬೇಕು. ಅದನ್ನು ಹೇಳದೆ ನನ್ನ ಅಭಿಪ್ರಾಯ ಹೇಳಿದರೆ ನನಗೇ ಸಮಾಧಾನವಾಗುವುದಿಲ್ಲ.

ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಮನೆ ತುಂಬ ರೇಷ್ಮೆ ಹುಳ. ಹುಳ ನಾಲ್ಕನೇ ಜ್ವರ ಎದ್ದಿತೆಂದರೆ, ಅಂದರೆ ನಾಲ್ಕನೇ ಸಲ ಪೊರೆ ಕಳಚಿತೆಂದರೆ, ಮನುಷ್ಯರಿಗೆ ಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ನಡುಮನೆಯಿಂದ ಜಗುಲಿಯವರೆಗೂ ತಟ್ಟೆಗಳು, ಹಗಲೂ ರಾತ್ರಿ ಸೊಪ್ಪು ಮೇಯುವ ಚರಚರ ಸದ್ದು, ಹಸಿ ಸೊಪ್ಪಿನ ವಾಸನೆ. ಹುಳದ ಮನೆಯಲ್ಲಿ ಓಡಬಾರದು, ಕಿರುಚಬಾರದು, ಬೆಳ್ಳುಳ್ಳಿ ಒಗ್ಗರಣೆ ಸಹ ಹಾಕಬಾರದು. ನಾನೋ ಕುಂತಲ್ಲಿ ಕೂರದವಳು. ಉಣ್ಣುವಾಗಲೂ ಕಾಲು ಕುಣಿಸುತ್ತಲೇ ಇರುತ್ತಿದ್ದೆ.

"ಇವಳ್ನ ಜಯನ್ ಮನೇಗ್ ಕಳ್ಸಿಬಿಡಿ. ಉಳಕ್ಕಾದ್ರೂ ನೆಮ್ಮದಿ ಸಿಗ್ಲಿ" ಎಂದು ಅಮ್ಮ ಪ್ರತಿ ಬೇಸಿಗೆಯಲ್ಲೂ ಅಪ್ಪನಿಗೆ ಹೇಳುತ್ತಿದ್ದಳು. ಜಯ ಅಂದರೆ ಅಮ್ಮನ ತಂಗಿ, ನನ್ನ ಚಿಕ್ಕಮ್ಮ. ಅವಳ ಮನೆ ಚಿನ್ನದ ಗಣಿಯ ಊರಾದ ಕೋರಮಂಡಲಿನಲ್ಲಿ, ಗಣಿ ಕೆಲಸಗಾರರ ಮನೆಗಳ ಸಾಲಿನಲ್ಲಿತ್ತು. ಚಿಕ್ಕಪ್ಪ ಗಣಿಯೊಳಗೆ ಇಳಿದು ಕೆಲಸ ಮಾಡುತ್ತಿದ್ದರು. ಅವರ ಮಗ ಮಂಜ ನನಗಿಂತ ಸ್ವಲ್ಪ ದೊಡ್ಡವನು, ಆದ್ದರಿಂದ ತಾನು ಎಲ್ಲದರಲ್ಲೂ ದೊಡ್ಡವನು ಎಂದು ತಿಳಿದಿದ್ದ.

ಆ ವರ್ಷ ನಾನು ಹೋದಾಗ ಮನೆಯಲ್ಲಿ ಟಿವಿ ಗೇಮ್ ಬಂದಿತ್ತು. ಚಿಕ್ಕಪ್ಪ ಮದುವೆಗೆಂದು ಮದ್ರಾಸಿಗೆ ಹೋದವರು ಅಲ್ಲಿಂದ ತಂದಿದ್ದರು. ಜೊತೆಗೆ ಒಂದೇ ಒಂದು ಕ್ಯಾಸೆಟ್ಟು. ಅದರ ಮೇಲೆ ಚಿತ್ರವಿಲ್ಲ, ನಮಗೆ ಓದಲು ಬಾರದ ಅಕ್ಷರಗಳು ಮಾತ್ರ. ಆಟದಲ್ಲಿ ಉದ್ದ ಬಾಲದ ಕಂದು ಪ್ರಾಣಿಯೊಂದು ಓಡುತ್ತಿತ್ತು. ಸೇತುವೆ ದಾಟಬೇಕು, ನೀರಿಗೆ ಬೀಳಬಾರದು, ಬಿಲದೊಳಗೆ ಇಳಿದು ಹಾವನ್ನು ತಪ್ಪಿಸಿಕೊಂಡು ಆಚೆ ಬದಿಯಿಂದ ಮೇಲೆ ಬರಬೇಕು. ಬಿಲದೊಳಗೆ ಹೋದ ಕೂಡಲೇ ಪರದೆ ಕಪ್ಪಾಗಿ, ಅದರ ಸುತ್ತ ಒಂದಿಷ್ಟು ಬೆಳಕು ಮಾತ್ರ ಉಳಿಯುತ್ತಿತ್ತು. ಹಾವಿರುವ ಕಡೆ ಇನ್ನೇನಿರುತ್ತದೆ, ಅದು ಮುಂಗುಸಿ ಎಂದು ನಾವು ತೀರ್ಮಾನಿಸಿದೆವು. ಪಕ್ಕದ ಮನೆಯ ಮೇರಿಯಕ್ಕ ಅದನ್ನು ತಮಿಳಿನಲ್ಲಿ ಕೀರಿ ಅನ್ನುತ್ತಿದ್ದಳು.

ರಜೆಯ ಮೊದಲ ವಾರ ಆಟಕ್ಕಿಂತ ಜಗಳವೇ ಹೆಚ್ಚು. ನನ್ನ ಸರದಿ ಬರುವುದರೊಳಗೆ ನನ್ನ ಉಗುರೆಲ್ಲ ಕಚ್ಚಿ ಮುಗಿದಿರುತ್ತಿತ್ತು. ಸರದಿ ಬಂದ ಕೂಡಲೇ ನಾನು ಮುಂಗುಸಿಯನ್ನು ಎಲ್ಲೂ ನಿಲ್ಲಿಸದೆ ಓಡಿಸುತ್ತಿದ್ದೆ, ಅದು ಮೊದಲ ಸೇತುವೆಯಲ್ಲೇ ದಬಕ್ಕೆಂದು ನೀರಿಗೆ ಬೀಳುತ್ತಿತ್ತು.

"ಲೇ ಸುಸೀಲ, ಅದೇನ್ ರೈಲ್ ಇಡೀಬೇಕಾ? ತಾಳ್ಮೆ ಅನ್ನೋದೇ ಇಲ್ಲ ನಿಂಗೆ" ಎಂದು ಮಂಜ ಆಟದ ರಿಮೋಟ್ ಕಿತ್ತುಕೊಳ್ಳುತ್ತಿದ್ದ. ನಾನು ಹೊರಗೆ ಹೋಗಿ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು, ಹಲ್ಲು ಚುಳ್ಳೆನ್ನುವ ತನಕ ತಿಂದು, ಮತ್ತೆ ಬಂದು ಅವನ ಹಿಂದೆ ನಿಲ್ಲುತ್ತಿದ್ದೆ. ಬಿಸಿಲು, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಏಳುವ ಬಿಳಿ ಧೂಳು, ಮುಚ್ಚಿದ ಕಿಟಕಿ. ಎಲ್ಲಿಗೂ ಹೋಗುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ.

ಒಂದು ದಿನ ಮುಂಗುಸಿ ಬಿಲದೊಳಗೆ ಇರುವಾಗಲೇ ಮಂಜ ಬೇಜಾರಾಗಿ ಸ್ವಿಚ್ಚಿಗೆ ಕೈ ಹಾಕಿದ. ಅಡುಗೆಮನೆಯಿಂದ ಬಂದ ಚಿಕ್ಕಮ್ಮ ಅವನ ಕೈ ಮೇಲೆ ಪಟ್ಟೆಂದು ಹೊಡೆದಳು. ಅವಳ ಬೆರಳಲ್ಲಿ ಇನ್ನೂ ಮುದ್ದೆಯ ಹಿಟ್ಟು ಅಂಟಿತ್ತು.

"ಒಳಗೈತೆ ಕಣ್ಲಾ ಅದು. ಮೇಲ್ಕ್ ತಂದ್‌ಬಿಟ್ಟು ಆಮೇಲ್ ಆರ್ಸು."

ನಾವಿಬ್ಬರೂ ನಕ್ಕೆವು. ಚಿಕ್ಕಮ್ಮ ನಗಲಿಲ್ಲ. ಮಂಜ ಆಟ ಮುಂದುವರಿಸಿ ಮುಂಗುಸಿಯನ್ನು ಬೆಳಕಿಗೆ ತರುವ ತನಕ ಸೊಂಟಕ್ಕೆ ಕೈಕೊಟ್ಟು ಅಲ್ಲೇ ನಿಂತಿದ್ದಳು.

ಅಂದಿನಿಂದ ಅದು ಮನೆಯ ಕಟ್ಟಳೆಯಾಯಿತು. ಬಿಲದೊಳಗಿರುವಾಗ ಆರಿಸಬಾರದು. ಸ್ವಲ್ಪ ದಿನದಲ್ಲಿ ಚಿಕ್ಕಮ್ಮ ತಾನೇ ಆಡಲು ಕೂತಳು. ಚಿಕ್ಕಪ್ಪ ಬೆಳಗಿನ ಶಿಫ್ಟಿಗೆ ಹೋದ ಮೇಲೆ ಮನೆಗೆಲಸ ಮುಗಿಸಿ, ಸೆರಗು ಸಿಕ್ಕಿಸಿ ಟಿವಿ ಮುಂದೆ ಕೂತರೆ ನಮಗೆ ರಿಮೋಟ್ ಸಿಗುವುದನ್ನು ಮರೆತೇ ಬಿಡಬೇಕು. ಗಣಿಗೆ ಇಳಿಯುವವರು ಒಂದೊಂದು ಬಿಲ್ಲೆ ತೆಗೆದುಕೊಂಡು ಹೋಗಿ, ಮೇಲೆ ಬಂದಾಗ ಅದನ್ನು ವಾಪಸ್ಸು ಕೊಡುತ್ತಿದ್ದರು. ಬಿಲ್ಲೆ ವಾಪಸ್ಸು ಬಂದಿಲ್ಲವೆಂದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದರ್ಥ. ಆಟದ ಮೂಲೆಯಲ್ಲಿ ಮುಂಗುಸಿಗೆ ಉಳಿದಿರುವ ಜೀವಗಳನ್ನು ತೋರಿಸುವ ಸಣ್ಣ ಚುಕ್ಕೆಗಳಿದ್ದವಲ್ಲ, ಅವಕ್ಕೂ ಚಿಕ್ಕಮ್ಮ ಬಿಲ್ಲೆ ಅಂತಲೇ ಹೆಸರಿಟ್ಟಳು. ನನ್ನಂತೆ ಓಡಿಸುತ್ತಿರಲಿಲ್ಲ ಅವಳು. ಹಾವು ಬೆನ್ನು ತಿರುಗಿಸುವ ತನಕ ಕಾದು, ಮೆಲ್ಲಗೆ ದಾಟಿಸುತ್ತಿದ್ದಳು. ಮಧ್ಯಾಹ್ನ ಶಿಫ್ಟು ಬಿಡುವ ಸೈರನ್ನಿಗೆ ಮೊದಲು ಮೂರನೇ ಬಿಲದಿಂದ ಮುಂಗುಸಿಯನ್ನು ಹೊರಗೆ ತಂದು, ಟಿವಿ ಆರಿಸಿ, ಸಾರು ಬಿಸಿಗಿಡುತ್ತಿದ್ದಳು.

ಅವಳು ಆಡುತ್ತಿದ್ದುದು ಆಟವಲ್ಲ ಎಂದು ನನಗೆ ಹೊಳೆದದ್ದು ಹೇಗೋ ಗೊತ್ತಿಲ್ಲ. ಮಂಜನಿಗೆ ಹೊಳೆಯಲಿಲ್ಲ. ಅವನು ತನ್ನ ಸರದಿ ಹೋಯಿತಲ್ಲ ಎಂದು ಉರಿದುಕೊಂಡೇ ರಜೆ ಕಳೆದ.

ಗಣಿಯ ಆಳದಲ್ಲಿ ಎಲ್ಲೋ ಬಂಡೆ ಸಿಡಿದರೆ ಮೇಲೆ ನಮ್ಮ ಸಾಲಿನ ಮನೆಗಳು ನಡುಗುತ್ತಿದ್ದವು. ಸಣ್ಣದಾದರೆ ಗೂಡಿನಲ್ಲಿಟ್ಟ ಲೋಟಗಳು ಗಿಲಗಿಲ ಅನ್ನುತ್ತಿದ್ದವು. ಹೆಂಗಸರು ಇದ್ದ ಕಡೆಯೇ ಕೈ ನಿಲ್ಲಿಸಿ, ಕಿವಿಗೊಟ್ಟು, ಮತ್ತೆ ಕೆಲಸಕ್ಕೆ ತೊಡಗುತ್ತಿದ್ದರು. ನಾನು ಹಳ್ಳಿಯವಳು, ಮೊದಮೊದಲು ಬೆಚ್ಚಿಬಿದ್ದು ಆಮೇಲೆ ಅವರಂತೆಯೇ ಇರಲು ಕಲಿತೆ.

ಆ ಮಧ್ಯಾಹ್ನದ್ದು ಸಣ್ಣದಾಗಿರಲಿಲ್ಲ. ಚಿಕ್ಕಮ್ಮ ಆಡುತ್ತಿದ್ದಳು, ಮುಂಗುಸಿ ಮೂರನೇ ಬಿಲದೊಳಗಿತ್ತು. ನೆಲ ಒಮ್ಮೆ ಕೆಳಗಿನಿಂದ ಗುದ್ದಿದ ಹಾಗಾಯಿತು. ಗೂಡಿನಿಂದ ಹಿತ್ತಾಳೆ ಚೊಂಬು ಉರುಳಿ ಬಿತ್ತು, ಮಾಡಿನಿಂದ ಮಣ್ಣು ಉದುರಿತು. ಪರದೆಯ ಮೇಲೆ ಚಿತ್ರವೆಲ್ಲ ಚೂರುಚೂರಾಗಿ ಅಡ್ಡಾದಿಡ್ಡಿಯಾಯಿತು. ಅದನ್ನು ನೋಡುತ್ತಿರುವಾಗಲೇ ಕರೆಂಟು ಹೋಯಿತು.

ಹೊರಗೆ ಬಾಗಿಲುಗಳು ತೆರೆಯುವ ಸದ್ದು. ಮೇರಿಯಕ್ಕ ಬೀದಿಯಲ್ಲಿ ನಿಂತು "ಜಯಾ, ಶಾಫ್ಟ್ ಹತ್ರ ಹೋಗೋಣ ವಾ" ಎಂದು ಕೂಗಿದಳು. ಮಂಜ ಚಪ್ಪಲಿ ಸಹ ಹಾಕದೆ ಆ ಕಡೆಗೆ ಓಡಿಯೇಬಿಟ್ಟ. ಸಾಲಿನ ಹೆಂಗಸರೆಲ್ಲ ಗಣಿಗೆ ಇಳಿಯುವ ಶಾಫ್ಟಿನ ಗೇಟಿನ ಕಡೆಗೆ ಹೊರಟರು. ಚಿಕ್ಕಮ್ಮ ಮಾತ್ರ ಆರಿದ ಟಿವಿಯ ಮುಂದೆ ಕೂತೇ ಇದ್ದಳು. ಕೈಯಲ್ಲಿ ರಿಮೋಟ್ ಹಾಗೇ ಇತ್ತು.

"ಒಳಗೇ ಇತ್ತಲ್ಲೇ" ಅಂದಳು.

ಚಿಕ್ಕಮ್ಮ ಎದ್ದು, ಮೆಷಿನ್ನಿನಿಂದ ಕ್ಯಾಸೆಟ್ಟನ್ನು ಎಳೆದು ಸೆರಗಿನಲ್ಲಿ ಸುತ್ತಿಕೊಂಡು, ಬಾಗಿಲಿಗೆ ಬೀಗ ಹಾಕಿದಳು.

"ಆಂಡರ್ಸನ್‌ಪೇಟೆ ಅಂಗ್ಡೀಲಿ ಜನರೇಟ್ರು ಐತೆ. ನಡಿ."

"ಚಿಕ್ಕಮ್ಮ, ಗೇಟ್ ಹತ್ರ ಓಗಲ್ವಾ?"

"ಅಲ್ಲೋಗಿ ಗೇಟ್ ನೋಡ್ಕಂಡ್ ನಿಂತ್ಕಬೇಕು, ಅಷ್ಟೇ ತಾನೆ. ಇದಾದ್ರೆ ನನ್ ಕೈಲಾಗೋದು."

ಆ ಬಿಸಿಲಿನಲ್ಲಿ ನಾವಿಬ್ಬರು ನಡೆದೆವು ಅನ್ನುವುದಕ್ಕಿಂತ ಓಡಿದೆವು ಅನ್ನಬೇಕು. ಎದುರಿಗೆ ಬಂದವರೆಲ್ಲ ಶಾಫ್ಟಿನ ಕಡೆಗೆ ಹೋಗುತ್ತಿದ್ದರು, ನಾವಿಬ್ಬರೇ ಅದಕ್ಕೆ ಬೆನ್ನು ಹಾಕಿ ಹೋಗುತ್ತಿದ್ದೆವು. ಒಬ್ಬಳು ಮುದುಕಿ ನಿಂತು "ಏನಮ್ಮಾ, ಮನೆಯವ್ರು ಮೇಲಿದಾರಾ?" ಎಂದು ಕೇಳಿದಳು. ಚಿಕ್ಕಮ್ಮ ಸೆರಗಿನ ಗಂಟನ್ನು ಬಿಗಿ ಹಿಡಿದು ಮುಂದೆ ನಡೆದಳು. ಜೀವನದಲ್ಲಿ ಮೊದಲ ಸಲ ನನಗೆ ಇನ್ನೊಬ್ಬರ ನಡಿಗೆ ಜೋರು ಅನ್ನಿಸಿತು.

ಆ ಅಂಗಡಿ ಸೆಲ್ವಂ ಎನ್ನುವವನದು. ಮುಂದೆ ಸೈಕಲ್ ಬಾಡಿಗೆ, ಹಿಂದಿನ ಕತ್ತಲ ಕೋಣೆಯಲ್ಲಿ ಟಿವಿ ಗೇಮ್. ಜನರೇಟರ್ ಬಡಬಡಿಸುತ್ತಿತ್ತು, ಬೆವರು ಮತ್ತು ಪೆಟ್ರೋಲಿನ ವಾಸನೆ. ಒಳಗೆ ಹುಡುಗರು ಗುಂಪುಗೂಡಿ ಆಡುತ್ತಿದ್ದರು. ಸೀರೆ ಉಟ್ಟ ಹೆಂಗಸೊಬ್ಬಳು ಒಳಗೆ ಬಂದದ್ದು ನೋಡಿ ಎಲ್ಲರೂ ಆಟ ಬಿಟ್ಟು ಇತ್ತ ತಿರುಗಿದರು.

"ಎನ್ನಕ್ಕಾ, ಕ್ಯಾಸೆಟ್ ಓಡ್ತಾ ಇಲ್ವಾ?" ಎಂದು ಸೆಲ್ವಂ ಕೇಳಿದ.

"ಓಡ್ತದೆ. ಇಲ್ಲಿ ಒಂದ್ಕಿತ ಆಡ್ಬೇಕು."

ಅವನು ಚಿಕ್ಕಮ್ಮನ ಮುಖ ನೋಡಿದ. ಏನು ಕಂಡಿತೋ, ಮತ್ತೇನೂ ಕೇಳದೆ ಹುಡುಗರನ್ನು "ಏಳ್ರೋ ಎಲ್ಲಾ, ಜಾಗ ಬಿಡಿ" ಎಂದು ಎಬ್ಬಿಸಿ, ಅವರ ಕ್ಯಾಸೆಟ್ ತೆಗೆದು ನಮ್ಮದನ್ನು ಹಾಕಿದ.

ಚಿಕ್ಕಮ್ಮ ರಿಮೋಟ್ ಹಿಡಿದು ಕೂತಳು. ದಿನವೂ ಕಣ್ಣು ಮುಚ್ಚಿಕೊಂಡು ದಾಟಿಸುತ್ತಿದ್ದ ಮೊದಲ ಸೇತುವೆಯಲ್ಲೇ ಮುಂಗುಸಿ ನೀರಿಗೆ ಬಿತ್ತು. ಮತ್ತೆ ಶುರು. ಮತ್ತೆ ಬಿತ್ತು. ಹಿಂದೆ ನಿಂತ ಹುಡುಗನೊಬ್ಬ ಕಿಸಕ್ಕೆಂದ, ಸೆಲ್ವಂ ಅವನ ತಲೆಗೊಂದು ಕೊಟ್ಟ. ಮೂಲೆಯಲ್ಲಿ ಕೊನೆಯ ಬಿಲ್ಲೆ ಉಳಿದಿತ್ತು. ಅದೂ ಹೋದರೆ ಮತ್ತೆ ಮೊದಲಿನಿಂದ ಶುರು ಮಾಡಬಹುದಲ್ಲ ಎಂದು ನೀವು ಕೇಳಬಹುದು. ಆ ಮಧ್ಯಾಹ್ನ ಆ ಕೋಣೆಯಲ್ಲಿ ಕೂತಿದ್ದರೆ ಕೇಳುತ್ತಿರಲಿಲ್ಲ.

ಚಿಕ್ಕಮ್ಮ ರಿಮೋಟನ್ನು ನನ್ನ ಮಡಿಲಿಗಿಟ್ಟಳು. "ನನ್ ಕೈಲಾಗ್ತಿಲ್ಲ ಮಗಾ. ನೀನ್ ತಗಂಡ್ಬಾ ಮೇಲ್ಕೆ."

ನನ್ನ ಕೈಗೆ ಯಾಕೆ ಕೊಟ್ಟಳೋ. ಇಡೀ ಬೇಸಿಗೆ ನಾನು ಮೊದಲ ಬಿಲದಿಂದಾಚೆಗೆ ಹೋದವಳಲ್ಲ. ಬೆರಳು ಗುಂಡಿಯ ಮೇಲಿಟ್ಟ ಕೂಡಲೇ ಓಡಿಸಬೇಕು, ಓಡಿಸಿ ಮುಗಿಸಬೇಕು ಎಂದು ಮೈಯೆಲ್ಲ ತುರಿಸುತ್ತಿತ್ತು. ನನ್ನ ಕಾಲು ತನ್ನಷ್ಟಕ್ಕೆ ತಾನೇ ಕುಣಿಯತೊಡಗಿತು. ಚಿಕ್ಕಮ್ಮ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಬಲವಾಗಿ ಒತ್ತಿ ಹಿಡಿದಳು.

"ತಾಳು" ಅಂದಳು. "ತಾಳು. ಈಗ ಓಗು."

ಸೇತುವೆ ದಾಟಿತು. ಮೊದಲ ಬಿಲ, ಎರಡನೆಯದು. ನನ್ನ ಕಣ್ಣು ಪರದೆಯ ಮೇಲೆ, ಕಿವಿ ಅವಳ ಬಾಯಿಯ ಮೇಲೆ. ಅವಳು ತಾಳು ಅಂದಾಗ ನಿಂತೆ, ಓಗು ಅಂದಾಗ ನಡೆದೆ. ಮೂರನೇ ಬಿಲದೊಳಗೆ ಪರದೆ ಕಪ್ಪಾದಾಗ ಹುಡುಗರೂ ಉಸಿರಾಡುವುದು ಬಿಟ್ಟಿದ್ದರು. ಹಾವು ಬರುವುದು ಕಾಣುತ್ತಿತ್ತು. ಓಡಿಬಿಡಬೇಕು ಅನ್ನಿಸಿ ನನಗೆ ಅಳುವೇ ಬಂತು. ಮೊಣಕಾಲಿನ ಮೇಲಿನ ಕೈ ಇನ್ನೂ ಬಿಗಿಯಾಯಿತು. ಹಾವು ತೀರಾ ಹತ್ತಿರ ಬಂದು, ನಿಂತು, ಬೆನ್ನು ತಿರುಗಿಸಿತು.

"ಈಗ."

ಮುಂಗುಸಿ ಮೇಲೆ ಬಂತು. ಹಸಿರು ಹುಲ್ಲು, ನೀಲಿ ಆಕಾಶ, ಆ ಪಿಪಿಪಿ ಸಂಗೀತ. ಚಿಕ್ಕಮ್ಮ ತಾನೇ ಬಗ್ಗಿ ಸ್ವಿಚ್ ಆರಿಸಿದಳು. ಮುಖ ಒರೆಸಿಕೊಂಡು, ಬಿಚ್ಚಿದ ತುರುಬು ಕಟ್ಟಿಕೊಂಡು, ಸೆಲ್ವಂಗೆ "ಬತ್ತೀನಪ್ಪಾ" ಎಂದು ಹೇಳಿ ಹೊರಟಳು. ವಾಪಸ್ಸು ಬರುವಾಗ ಅವಳು ನಿಧಾನವಾಗಿ ನಡೆದಳು. ನನಗೇ ತಡೆಯಲಾಗದೆ ಮುಂದೆ ಮುಂದೆ ಓಡುತ್ತಿದ್ದೆ.

ಮನೆ ಮುಂದೆ ಜನ ಸೇರಿದ್ದರು. ಬೀಗ ಹಾಕಿದ ಬಾಗಿಲ ಮುಂದೆ, ಜಗುಲಿಯ ಮೇಲೆ, ಮೈಯೆಲ್ಲ ಧೂಳಾಗಿ ಚಿಕ್ಕಪ್ಪ ಕೂತಿದ್ದರು. ಬಂಡೆ ಸಿಡಿದದ್ದು ಬೇರೆ ಕಡೆಯಂತೆ, ಇವರನ್ನೆಲ್ಲ ಬೇಗನೆ ಮೇಲಕ್ಕೆ ಕಳಿಸಿದ್ದರು. ಮಂಜ ಅಪ್ಪನನ್ನು ಒತ್ತಿಕೊಂಡು ಕೂತಿದ್ದ. ನಾವು ಹೋಗಿದ್ದು ಎಲ್ಲಿಗೆ ಎಂದು ಯಾರೋ ಆಗಲೇ ಸುದ್ದಿ ಮುಟ್ಟಿಸಿದ್ದರು.

"ನಾನ್ ಒಳಗ್ ಸಾಯ್ತಿದ್ರೆ ನೀನ್ ಅಂಗ್ಡೀಲ್ ಕುಂತ್ಕಂಡ್ ಆಟ ಆಡ್ತಿದ್ದಾ?" ಎಂದು ಚಿಕ್ಕಪ್ಪ ಎಲ್ಲರ ಮುಂದೆ ಕೇಳಿದರು. ಅವರ ದನಿ ಏರಿರಲಿಲ್ಲ, ಅದೇ ಕಷ್ಟವಾದದ್ದು.

ನಾನು ಬಾಯಿ ತೆರೆದೆ. ಚಿಕ್ಕಮ್ಮ ನನ್ನ ಭುಜ ಅಮುಕಿದಳು. ಅವಳ ಕಣ್ಣು ಚಿಕ್ಕಪ್ಪನ ಕೈಕಾಲುಗಳ ಮೇಲೆ ಒಂದೊಂದಾಗಿ ಹರಿದಾಡುತ್ತಿತ್ತು, ಎಲ್ಲವೂ ಇವೆಯೇ ಎಂದು ನೋಡುವಂತೆ. "ಮುದ್ದೆ ಕಟ್ತೀನಿ, ಕೈಕಾಲ್ ತೊಳ್ಕಳಿ" ಅಂದಳು, ಅಷ್ಟೆ. ಗೇಟಿನ ಹತ್ತಿರ ನಿಂತು ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡ ಗಣಿಯೊಳಗೆ, ಹೆಂಡತಿ ಗೇಮ್ ಅಂಗಡಿಯೊಳಗೆ ಎಂಬ ಮಾತು ಆ ಸಾಲಿನಲ್ಲಿ ಬಹಳ ಕಾಲ ಓಡಾಡಿತು.

ಚಿಕ್ಕಪ್ಪ ಕೆಲವು ದಿನ ಮಾತು ಬಿಟ್ಟಿದ್ದರು. ಮನೆಯಲ್ಲಿ ಟಿವಿ ಗೇಮ್ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಬಂಡೆ ಸಿಡಿದ ಮೇಲೆ ನಿಂತಿದ್ದ ಗಣಿ ಕೆಲಸ ಮತ್ತೆ ಶುರುವಾದ ದಿನ ಬೆಳಗ್ಗೆ ಅವರು ಊಟದ ಡಬ್ಬಿ ಹಿಡಿದು ಹೊಸ್ತಿಲ ತನಕ ಹೋದರು, ಅಲ್ಲೇ ನಿಂತರು. ತಿರುಗಿ ಚಿಕ್ಕಮ್ಮನನ್ನು ನೋಡಿದರು.

"ಇವತ್ ಆಡಲ್ವಾ?" ಎಂದು ಕೇಳಿದರು.

ಅವರು ಹೋಗಲಿಲ್ಲ. ಚಿಕ್ಕಮ್ಮ ಟಿವಿ ಹಾಕಿ, ಕ್ಯಾಸೆಟ್ಟಿಗೆ ಊದಿ, ಮುಂಗುಸಿ ಓಡತೊಡಗಿದ ಮೇಲೆ ಅವರು ಚಪ್ಪಲಿ ಮೆಟ್ಟಿ ಹೊರಟರು. ಅವರಿಗೆ ಯಾರು ಹೇಳಿದರೋ, ಇಲ್ಲ ತಾವೇ ತಿಳಿದುಕೊಂಡರೋ, ನಾನು ಇವತ್ತಿಗೂ ಕೇಳಿಲ್ಲ.

ಈಗ ಗಣಿ ಮುಚ್ಚಿ ಎಷ್ಟೋ ವರ್ಷಗಳಾದವು. ಚಿಕ್ಕಪ್ಪ ಕೊನೆಗೆ ಹೋದದ್ದು ಗಣಿಯೊಳಗಲ್ಲ, ಆಸ್ಪತ್ರೆಯ ಮಂಚದ ಮೇಲೆ, ಗಣಿಯ ಧೂಳು ಎದೆಯಲ್ಲಿ ಕೂತು, ಕೆಮ್ಮಿ ಕೆಮ್ಮಿ. ಮಂಜ ಬಂಗಾರಪೇಟೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ, ಚಿಕ್ಕಮ್ಮ ಅವನ ಜೊತೆಗಿದ್ದಾಳೆ. ಕಳೆದ ಬೇಸಿಗೆಯಲ್ಲಿ ಅವನೇ ಫೋನ್ ಮಾಡಿ ಕರೆದ. ನಮ್ಮ ಆಟವನ್ನು ಅದನ್ನು ಮಾಡಿದ ಕಂಪನಿಯವರೇ ಹೊಸ ಮೆಷಿನ್ನಿಗೆ ತಂದಿದ್ದಾರೆ, ಮಗಳಿಗೆ ಕೊಡಿಸಿದ್ದೇನೆ, ಬಾ ಅಂದ. ಅವನ ದನಿಯಲ್ಲಿ ಆ ಹಳೇ ಹುಡುಗ ಕುಣಿಯುತ್ತಿದ್ದ.

ಹೋಗಿ ನೋಡಿದರೆ ಅದು ಮುಂಗುಸಿಯೇ ಅಲ್ಲವಂತೆ, ನೀರುನಾಯಿಯಂತೆ. ಹಾಗಾದರೆ ನೀರಿಗೆ ಬಿದ್ದರೆ ಯಾಕೆ ಸಾಯುತ್ತಿತ್ತು ಎಂದು ಕೇಳಿದೆ. ಮಂಜ ಆಟದ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬಣ್ಣಗಳನ್ನು ತೊಳೆದು ಹೊಸದು ಮಾಡಿದ್ದರು. ಬಿಲದೊಳಗಿನ ಕತ್ತಲು ಅಷ್ಟೇನೂ ಕತ್ತಲಾಗಿರಲಿಲ್ಲ. ಎಲ್ಲಿ ಬೇಕಾದರೂ ಆರಿಸಿ ಎದ್ದು ಹೋಗಬಹುದು, ಮೆಷಿನ್ನು ಅಲ್ಲಿಗೇ ನೆನಪಿಟ್ಟುಕೊಳ್ಳುತ್ತದೆ.

"ಎಂಗದೆ? ಸೇಮ್ ಅದೇ ಅಲ್ವಾ?" ಎಂದು ಮಂಜ ಕೇಳಿದ.

ನನಗೆ ರೇಗಿತು. ಅದೇ ಅಲ್ಲ ಅಂದೆ. ಅಷ್ಟಕ್ಕೇ ಜಗಳ ಶುರುವಾಯಿತು. ಹಳೇದನ್ನು ಹಾಗೇ ಧೂಳು ತಿನ್ನಲು ಬಿಡಬೇಕಿತ್ತಾ, ನಮ್ಮ ಮಕ್ಕಳು ನೋಡಬಾರದಾ ಎಂದು ಅವನು ಕೇಳಿದ. ನೋಡಲಿ, ಯಾರು ಬೇಡ ಅಂದರು? ತರಲಿ, ಎಲ್ಲ ಹಳೇ ಆಟಗಳನ್ನೂ ತರಲಿ, ಒಂದನ್ನೂ ಬಿಡದೆ ತರಲಿ. ನಮ್ಮ ಕ್ಯಾಸೆಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಇವರು ತರದಿದ್ದರೆ ಆ ಪಿಪಿಪಿ ಸಂಗೀತವನ್ನು ನಾನು ಸಾಯುವ ತನಕ ಮತ್ತೆ ಕೇಳುತ್ತಿರಲಿಲ್ಲ. ಆದರೆ ಅದೇ ಎಂದು ಮಾತ್ರ ಹೇಳಬೇಡಿ. ನಾವು ಆಡಿದ್ದರಲ್ಲಿ ಅರ್ಧಕ್ಕೆ ಬಿಟ್ಟು ಏಳಲಾಗುತ್ತಿರಲಿಲ್ಲ, ಆಟದ ಅರ್ಧ ಇದ್ದದ್ದೇ ಅದರಲ್ಲಿ. ಇದನ್ನು ಅವನಿಗೆ ಹೇಳಲು ಹೋಗಿ ಅರ್ಧಕ್ಕೇ ಬಿಟ್ಟು ಮುಖ ತಿರುಗಿಸಿದೆ, ಅವನು ನಾನು ಸೋತೆನೆಂದುಕೊಂಡ.

ಚಿಕ್ಕಮ್ಮ ಮೊಮ್ಮಗಳು ಕಾವ್ಯಳ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಕಾವ್ಯಳ ಮುಂಗುಸಿಯನ್ನು ಹಾವು ಹಿಡಿಯಿತು. ಚಿಕ್ಕಮ್ಮ ಥಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಪರ್ವಾಗಿಲ್ಲ ಅಜ್ಜಿ" ಅಂದಳು ಕಾವ್ಯ. "ಸತ್ರೆ ಈ ಬಟನ್ ಒತ್ಬೇಕು. ಹಿಂದಕ್ಕೆ ಹೋಗುತ್ತೆ." ಒತ್ತಿ ತೋರಿಸಿದಳು. ಹಾವು ಹಿಂದಕ್ಕೆ ಸರಿಯಿತು, ಸತ್ತಿದ್ದದ್ದು ಎದ್ದು ಹಿಮ್ಮುಖವಾಗಿ ನಡೆದು ಸುಖವಾಗಿ ನಿಂತುಕೊಂಡಿತು.

ಚಿಕ್ಕಮ್ಮ ಮುಂದಕ್ಕೆ ಬಾಗಿದಳು. ಅವಳು ಯಾವುದನ್ನಾದರೂ ಹಾಗೆ ನೋಡಿದ್ದನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ.

"ಎಲ್ಲೀಗಂಟ ಓಯ್ತದೆ ಅದು, ಇಂದಕ್ಕೆ?" ಎಂದು ಕೇಳಿದಳು.

"ಸ್ವಲ್ಪ ಅಷ್ಟೇ ಅಜ್ಜಿ. ಬಿಲದೊಳಕ್ಕೆ ಹೋಯ್ತಲ್ಲ, ಅಲ್ಲೀವರೆಗೆ."

"ಅಷ್ಟೇನಾ" ಅಂದಳು ಚಿಕ್ಕಮ್ಮ. ಗೋಡೆಯ ಮೇಲಿದ್ದ ಚಿಕ್ಕಪ್ಪನ ಫೋಟೊ ಕಡೆ ಒಮ್ಮೆ ನೋಡಿ, ಮೊಣಕಾಲಿಗೆ ಕೈಯೂರಿ ಎದ್ದು ಒಳಗೆ ಹೋದಳು.